ಸಾಕು, ಸಾಲದು: ಮೇಕಪ್ ಕೌಂಟರಿನ ಧರ್ಮಜಿಜ್ಞಾಸೆ

ಪ್ರಸಾಧನ ಬ್ರ್ಯಾಂಡಿನ ಪರವಾಗಿ ಕೆಲಸ ಮಾಡುವ ಫ್ರೀಲ್ಯಾನ್ಸ್ ಮೇಕಪ್ ಕಲಾವಿದೆ ಆ ಬ್ರ್ಯಾಂಡಿನ ನೌಕರಳಲ್ಲ. ದೀಪಾವಳಿಯ ಮುಂಚಿನ ಶನಿವಾರ, ಭಾನುವಾರ, ಹೊಸ ಲಿಪ್‌ಸ್ಟಿಕ್ ಮಾರುಕಟ್ಟೆಗೆ ಬಂದ ವಾರ, ಮದುವೆಯ ಸೀಸನ್ ಎಂದು ಮಾಲ್‌ಗಳ ಕೌಂಟರಿನಲ್ಲಿ ಜನ ನೆರೆಯುವ ದಿನಗಳಿಗೆ ಮಾತ್ರ ಅವಳನ್ನು ಕರೆಸುತ್ತಾರೆ. ದಿನಕ್ಕಿಷ್ಟು ಎಂದು ಹಣ ಗೊತ್ತುಮಾಡಿರುತ್ತಾರೆ. ಸೇರಿಸಿಕೊಳ್ಳುವ ಮುನ್ನ ಸಾಮಾನ್ಯವಾಗಿ ಒಂದು ಪರೀಕ್ಷೆ ಇರುತ್ತದೆ: ಎದುರು ಕೂತ ಒಬ್ಬರ ಮುಖಕ್ಕೆ ಗೊತ್ತಾದ ಹೊತ್ತಿನೊಳಗೆ ಮೇಕಪ್ ಮಾಡಿ ತೋರಿಸಬೇಕು. ಆಮೇಲೆ ಬ್ರ್ಯಾಂಡಿನವರು ತಮ್ಮ ಸರಕಿನ ಹೆಸರು, ಶೇಡು, ಬಳಕೆಯ ಬಗ್ಗೆ ತರಬೇತಿ ಕೊಡುತ್ತಾರೆ. ಬ್ರಷ್ಷುಗಳು ಅವಳವು, ಬಣ್ಣ ಕಂಪನಿಯದು, ಮುಖ ಗಿರಾಕಿಯದು. ಸಂಜೆ ಲೆಕ್ಕ ಒಪ್ಪಿಸುವಾಗ ಎಷ್ಟು ಮುಖಗಳಾದವು ಎಂಬುದರ ಜೊತೆಗೆ ಎಷ್ಟು ಸರಕು ಹೋಯಿತು ಎಂಬ ಪ್ರಶ್ನೆಯೂ ಬರುತ್ತದೆ. ಮುಂದಿನ ಸಲದ ಕರೆ ಹೆಚ್ಚಾಗಿ ಎರಡನೆಯ ಸಂಖ್ಯೆಯನ್ನೇ ನೆಚ್ಚಿಕೊಂಡಿರುತ್ತದೆ.

ಈ ಪುಟ್ಟ ಏರ್ಪಾಡಿನೊಳಗೆ ಎರಡು ಹಳೆಯ ಪ್ರಶ್ನೆಗಳು ಹೆಣೆದುಕೊಂಡಿವೆ. ಮುಖಕ್ಕೆ ಬಣ್ಣ ಹಚ್ಚುವುದು ಸುಳ್ಳೇ ಎಂಬುದು ಒಂದು. ಹಚ್ಚುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಯಾರಿಗೆ ಋಣಿ, ಮುಖ ಒಪ್ಪಿಸಿ ಕೂತವರಿಗೋ ಸಂಬಳ ಕೊಡುವವರಿಗೋ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ತತ್ವಶಾಸ್ತ್ರ ಬೇಕಾದಷ್ಟು ಮಾತಾಡಿದೆ, ಎರಡನೆಯದರ ಬಗ್ಗೆ ಕಡಿಮೆ. ಕೆಲಸಕ್ಕೆ ಹೊಸದಾಗಿ ಇಳಿದವರನ್ನು ಕಾಡುವುದು ಮಾತ್ರ ಎರಡನೆಯದೇ.

ಪ್ರಸಾಧನದ ಮೇಲೆ ಬಿದ್ದ ಮೊದಲ ದೊಡ್ಡ ಏಟು ಪ್ಲೇಟೋನದು. ‘ಗೋರ್ಗಿಯಾಸ್’ ಸಂವಾದದಲ್ಲಿ ಸಾಕ್ರಟೀಸ್ ದೇಹಕ್ಕೆ ಎರಡು ನಿಜವಾದ ವಿದ್ಯೆಗಳನ್ನು ಹೇಳುತ್ತಾನೆ: ವ್ಯಾಯಾಮ ಮತ್ತು ವೈದ್ಯ. ಎರಡಕ್ಕೂ ಒಂದೊಂದು ನಕಲು ಇದೆ. ವೈದ್ಯದ ವೇಷ ಹಾಕಿಕೊಂಡು ಬರುವುದು ಅಡುಗೆ. ಅದು ನಾಲಗೆಗೆ ಹಿತವಾದದ್ದನ್ನೇ ಮೈಗೂ ಹಿತ ಎಂದು ನಂಬಿಸುತ್ತದೆ. ವ್ಯಾಯಾಮದ ವೇಷ ಹಾಕಿಕೊಂಡು ಬರುವುದು ಪ್ರಸಾಧನ. ಅದು ಕಸರತ್ತಿನಿಂದ ಬರಬೇಕಾದ ಕಾಂತಿಯನ್ನು ಬಣ್ಣದಿಂದ, ನುಣುಪಿನಿಂದ, ಉಡುಪಿನಿಂದ ಎರವಲು ತರುತ್ತದೆ. ಸಾಕ್ರಟೀಸನ ನಿಜವಾದ ಎದುರಾಳಿ ಮೇಕಪ್ ಮಾಡುವವರಲ್ಲ, ಸಭೆಯಲ್ಲಿ ಮಾತಿನ ಮೋಡಿ ಮಾಡುವ ವಾಗ್ಮಿಗಳು. ಅವರನ್ನು ಹೊಡೆಯಲು ಎತ್ತಿಕೊಂಡ ಕೋಲಿನ ಪೆಟ್ಟು ದಾರಿಯಲ್ಲಿದ್ದ ಪ್ರಸಾಧನಕ್ಕೂ ತಾಗಿತು, ಅಷ್ಟೆ. ಆದರೂ ಅವನು ಎಳೆದ ಗೆರೆ ಅಳಿಸಿಹೋಗಿಲ್ಲ. ಭಾರತದ 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯೂ ಗುಣಪಡಿಸುವ ವಸ್ತುವನ್ನು ಒಂದು ಕಡೆ, ಶುಚಿ ಮಾಡುವ, ಅಂದಗೊಳಿಸುವ, ನೋಟ ಬದಲಿಸುವ ವಸ್ತುವನ್ನು ಇನ್ನೊಂದು ಕಡೆ ಇಡುತ್ತದೆ. ಕೌಂಟರಿನಲ್ಲಿ ನಿಂತು “ಈ ಕ್ರೀಮು ಮೊಡವೆಯ ಕಾಯಿಲೆಯನ್ನೇ ವಾಸಿಮಾಡುತ್ತದೆ” ಎನ್ನುವವರು ಪ್ಲೇಟೋನ ಗೆರೆಯನ್ನೂ ಕಾಯಿದೆಯ ಗೆರೆಯನ್ನೂ ಒಟ್ಟಿಗೇ ದಾಟುತ್ತಾರೆ.

ಪ್ಲೇಟೋನ ಸಮಕಾಲೀನ ಕ್ಸೆನೊಫನ್ ಗೃಹಕೃತ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಗಂಡ ಬರುತ್ತಾನೆ. ಎಳೆ ಹೆಂಡತಿ ಮುಖಕ್ಕೆ ಬಿಳಿ ಸೀಸವನ್ನೂ ಕೆಂಪು ರಂಗನ್ನೂ ಬಳಿದುಕೊಂಡದ್ದು ಕಂಡು, ನಾನು ಮೈಗೆ ಬಣ್ಣ ಬಳಿದು ನಿನ್ನ ಎದುರು ನಿಂತರೆ ನಿನಗೆ ಒಪ್ಪಿಗೆಯೇ ಎಂದು ಕೇಳಿ, ಮನೆಗೆಲಸ ಮಾಡಿದರೆ ಬಣ್ಣ ತಾನೇ ಬರುತ್ತದೆ ಎಂದು ಬುದ್ಧಿ ಹೇಳುತ್ತಾನೆ. ಸುಮಾರು ಆರು ಶತಮಾನದ ನಂತರ ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಚಿಂತಕ ಟೆರ್ಟುಲಿಯನ್ ಹೆಂಗಸರ ಉಡುಗೆತೊಡುಗೆಯ ಬಗ್ಗೆ ಬರೆದ ಗ್ರಂಥದಲ್ಲಿ ಇದೇ ಆಕ್ಷೇಪವನ್ನು ದೇವರವರೆಗೆ ಏರಿಸಿದ. ಕೆನ್ನೆಗೆ ಕೆಂಪು, ಕಣ್ಣಿಗೆ ಕಪ್ಪು ಹಚ್ಚುವವರು ಸೃಷ್ಟಿಕರ್ತನ ಕೈಕೆಲಸವನ್ನು ತಿದ್ದಲು ಹೊರಟವರು. ತಿದ್ದುವುದೆಂದರೆ ಅದು ಚೆನ್ನಾಗಿಲ್ಲ ಎಂದು ಹೇಳಿದಂತೆ. ವಾದ ಗಟ್ಟಿಯಾಗಿದೆ. ಆದರೆ ಅದೇ ಧಾಟಿಯಲ್ಲಿ ಉಗುರು ಕತ್ತರಿಸುವುದನ್ನೂ ತಪ್ಪೆನ್ನಬೇಕಾಗುತ್ತದೆ. ಈ ಮಾತೆಲ್ಲ ಗಂಡಸರದು ಎಂಬುದನ್ನೂ ಗಮನಿಸಬೇಕು. ಬಣ್ಣ ಹಚ್ಚಿಕೊಂಡವಳನ್ನು ಯಾಕೆ ಹಚ್ಚಿಕೊಂಡೆ ಎಂದು ಕೇಳಿ, ಉತ್ತರಕ್ಕೆ ಕಾದು ಕೂತದ್ದು ಇವುಗಳಲ್ಲಿ ಕಾಣುವುದಿಲ್ಲ.

ಭಾರತದ ಶ್ರಮಣ ಪರಂಪರೆಗಳ ನಿಷೇಧ ಬೇರೆ ಬಗೆಯದು. ಬೌದ್ಧರಲ್ಲಿ ಉಪೋಸಥ ಎಂಬ ವ್ರತದ ದಿನ ಗೃಹಸ್ಥರು ಹಿಡಿಯುವ ಎಂಟು ಶೀಲಗಳಲ್ಲಿ ಹೂಮಾಲೆ, ಗಂಧ, ಲೇಪನಗಳನ್ನು ಬಿಡುವುದೂ ಒಂದು; ಭಿಕ್ಷುಗಳಿಗೆ ಅದು ದಿನನಿತ್ಯದ ನೇಮ. ಜೈನ ಮುನಿಗಳಿಗೂ ಮೈಯ ಅಲಂಕಾರ ಸಲ್ಲದು. ಆದರೆ ಬೌದ್ಧರ ವಿನಯಪಿಟಕ ಕಣ್ಣಿನ ರೋಗ ಬಂದ ಭಿಕ್ಷುವಿಗೆ ಅಂಜನ ಹಚ್ಚಲು, ಅದನ್ನಿಡಲು ಕರಡಿಗೆ ಇಟ್ಟುಕೊಳ್ಳಲು ಒಪ್ಪಿಗೆ ಕೊಡುತ್ತದೆ. ವಸ್ತುವಿನಲ್ಲಿ ದೋಷವಿಲ್ಲ, ಅದಕ್ಕೆ ಅಂಟಿಕೊಳ್ಳುವ ಮನಸ್ಸಿನ ಬಗ್ಗೆ ಎಚ್ಚರ ಬೇಕು ಎಂಬ ನಿಲುವು ಇದು. ಸಂಸಾರದಲ್ಲಿರುವವರು ಕಾಡಿಗೆ ಹಚ್ಚಿದರೆ ದೇವರಿಗೆ ಅವಮಾನ ಎಂದು ಈ ಪರಂಪರೆಗಳು ಹೇಳಲಿಲ್ಲ.

ಹೇಳದೆ ಇದ್ದದ್ದಷ್ಟೇ ಅಲ್ಲ, ಇನ್ನೊಂದು ಪರಂಪರೆ ಬಣ್ಣ ಹಚ್ಚುವುದನ್ನು ವಿದ್ಯೆಯೆಂದೇ ಎಣಿಸಿತು. ವಾತ್ಸ್ಯಾಯನನ ಕಾಮಸೂತ್ರದ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಹಲ್ಲು, ಬಟ್ಟೆ, ಮೈಗಳಿಗೆ ರಂಗು ಕೊಡುವುದು, ಹಣೆಗೆ ತಿಲಕದ ಚಿತ್ತಾರ ಕತ್ತರಿಸುವುದು, ವೇಷಭೂಷಣದ ಜೋಡಣೆ ಎಲ್ಲ ಇವೆ. ಭರತನ ನಾಟ್ಯಶಾಸ್ತ್ರ ಇನ್ನೂ ಮುಂದೆ ಹೋಗುತ್ತದೆ. ಅಭಿನಯದ ನಾಲ್ಕು ಬಗೆಗಳಲ್ಲಿ ವೇಷಭೂಷಣಗಳಿಂದ ಆಗುವ ಆಹಾರ್ಯವೂ ಒಂದು. ಅದರೊಳಗೆ ಅಂಗರಚನೆ, ಅಂದರೆ ಮೈಗೆ ಬಣ್ಣ ಕಟ್ಟುವುದು, ಪ್ರತ್ಯೇಕ ವಿಭಾಗ. ಬಿಳಿ, ನೀಲಿ, ಹಳದಿ, ಕೆಂಪು ಮೂಲಬಣ್ಣಗಳು. ಉಳಿದವು ಬೆರಕೆಯಿಂದ ಬರುವಂಥವು. ಜೀವ ಒಂದು ದೇಹವನ್ನೂ ಅದರ ಸ್ವಭಾವವನ್ನೂ ಬಿಟ್ಟು ಇನ್ನೊಂದು ದೇಹ ಹೊಕ್ಕಾಗ ಆ ದೇಹದ ಸ್ವಭಾವ ತಾಳುವ ಹಾಗೆ, ಬಣ್ಣ ಮತ್ತು ವೇಷದಿಂದ ಮುಚ್ಚಿಕೊಂಡ ನಟ ಇನ್ನೊಬ್ಬನಾಗುತ್ತಾನೆ ಎಂಬ ಹೋಲಿಕೆಯನ್ನು ಗ್ರಂಥ ಕೊಡುತ್ತದೆ. ಮೇಕಪ್ಪಿಗೆ ಇಷ್ಟು ಗಂಭೀರವಾದ ತಾತ್ವಿಕ ಸ್ಥಾನ ಬೇರೆ ಕಡೆ ಸಿಕ್ಕಿದ್ದು ವಿರಳ. ಹಾಗೆಂದು ಇಲ್ಲಿನ ಬಣ್ಣ ಮುಗ್ಧವಾಗಿತ್ತು ಎನ್ನುವಂತಿಲ್ಲ: ಯಾವ ವರ್ಣದ ಪಾತ್ರಕ್ಕೆ ಗೌರ, ಯಾವುದಕ್ಕೆ ಶ್ಯಾಮ ಎಂದು ಅದೇ ಅಧ್ಯಾಯ ಗೊತ್ತುಮಾಡುತ್ತದೆ. ಮುಖದ ಬಣ್ಣಕ್ಕೂ ಸಾಮಾಜಿಕ ಮೆಟ್ಟಿಲಿಗೂ ಗಂಟು ಬಿದ್ದದ್ದು ಜಾಹೀರಾತಿನ ಕಾಲದಲ್ಲಲ್ಲ.

ಕನ್ನಡ ನಾಡಿನಲ್ಲಿ ಈ ವಿದ್ಯೆ ಹೆಚ್ಚು ಜೀವಂತವಾಗಿ ಉಳಿದದ್ದು ಯಕ್ಷಗಾನದ ಚೌಕಿಯಲ್ಲಿ. ಗಣಪತಿಗೆ ಪೂಜೆಯಾಗುವುದೂ ಅಲ್ಲೇ, ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖ ತಾವೇ ಬರೆದುಕೊಳ್ಳುವುದೂ ಅಲ್ಲೇ. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿಹಿಟ್ಟಿನ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಇಡುತ್ತ ಗಂಟೆಗಟ್ಟಲೆ ಕೂರುತ್ತಾರೆ. ಬೆಳಗಿನ ಜಾವ ಅದೆಲ್ಲ ಎಣ್ಣೆಯಲ್ಲಿ ಕರಗಿಹೋಗುತ್ತದೆ. ನೋಡಲು ಬಂದವರಲ್ಲಿ ಒಬ್ಬರೂ ಮೋಸಹೋದೆವು ಎನ್ನುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೇಷ ಹಾಕಿ ಆಡುವುದನ್ನೇ ವೃತ್ತಿಯಾಗಿ ಉಳ್ಳ ಬಹುರೂಪಿ ಚೌಡಯ್ಯನಿದ್ದ. ಕಾಯಕದಲ್ಲಿ ಸತ್ಯವಿರಬೇಕೆಂದು ಪಟ್ಟುಹಿಡಿದ ಸಮುದಾಯ ಅವನ ವೃತ್ತಿಯನ್ನು ಸುಳ್ಳೆಂದು ತಳ್ಳಲಿಲ್ಲ.

ಇಲ್ಲಿಂದ ಮೊದಲನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹಚ್ಚಿದವರಿಗೂ ನೋಡುವವರಿಗೂ ಬಣ್ಣ ಬಣ್ಣವೆಂದು ಗೊತ್ತಿದ್ದರೆ ಅದು ಸುಳ್ಳಲ್ಲ, ಒಪ್ಪಂದ. ಫ್ರೆಂಚ್ ಕವಿ ಬೋದಲೇರ್ 1863ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಪ್ರಸಾಧನದ ಪರ ವಾದಿಸಿದಾಗ ಹಿಡಿದದ್ದೂ ಇದೇ ಜಾಡು: ಮೇಕಪ್ ನಿಸರ್ಗವನ್ನು ಅನುಕರಿಸಬೇಕಿಲ್ಲ, ತಲೆಮರೆಸಿಕೊಳ್ಳಲೂಬೇಕಿಲ್ಲ. ಆರತಕ್ಷತೆಯ ವೇದಿಕೆಯ ಮೇಲೆ ನಿಂತ ಮದುಮಗಳ ಮುಖದ ಹೊಳಪು ಪಾರ್ಲರಿನದೆಂದು ಊಟಕ್ಕೆ ಬಂದ ಎಲ್ಲರಿಗೂ ಗೊತ್ತು. ತೊಡಕು ಬರುವುದು ಈಗ ಹೆಚ್ಚು ಬೇಡಿಕೆಯಲ್ಲಿರುವ ‘ನೋ ಮೇಕಪ್ ಲುಕ್’ನಲ್ಲಿ, ಅಂದರೆ ಹಚ್ಚಿದ್ದು ಗೊತ್ತೇ ಆಗದಂತೆ ಹಚ್ಚುವ ಕುಶಲತೆಯಲ್ಲಿ. ಪ್ಲೇಟೋ ಬದುಕಿದ್ದರೆ ಇದನ್ನೇ ಬೆರಳಿಟ್ಟು ತೋರಿಸುತ್ತಿದ್ದ. ಆದರೂ ಮರೆಮಾಚುವುದೆಲ್ಲ ಮೋಸವಲ್ಲ. ತೊನ್ನಿನ ಮಚ್ಚೆಯನ್ನೋ ಸುಟ್ಟ ಕಲೆಯನ್ನೋ ಮುಚ್ಚಿಕೊಂಡು ಬಸ್ಸು ಹತ್ತುವವರು ಬಸ್ಸಿನಲ್ಲಿರುವವರಿಗೆ ತಮ್ಮ ಚರ್ಮದ ಸತ್ಯವನ್ನು ಒಪ್ಪಿಸಬೇಕಾದ ಬಾಕಿಯೇನೂ ಇಟ್ಟುಕೊಂಡಿಲ್ಲ.

ಎರಡನೆಯ ಪ್ರಶ್ನೆಗೆ ಹೋಗುವ ಬಾಗಿಲು ‘ಅಲಂಕಾರ’ ಎಂಬ ಪದದಲ್ಲೇ ಇದೆ. ಸಂಸ್ಕೃತದ ‘ಅಲಂ’ ಎಂದರೆ ಸಾಕು, ತಕ್ಕಷ್ಟು. ಅಲಂಕಾರ ಎಂದರೆ ಸಾಕಾಗುವಂತೆ ಮಾಡುವುದು. ಕಲಾಚಿಂತಕ ಆನಂದ ಕುಮಾರಸ್ವಾಮಿ 1939ರಲ್ಲಿ ಈ ಪದದ ಜಾಡು ಹಿಡಿದು ಬರೆದರು: ಆಭರಣ, ಅಲಂಕಾರಗಳು ಮೊದಲಿಗೆ ವಸ್ತುವಿನ ಮೇಲೆ ಹೇರಿದ ಹೆಚ್ಚುವರಿಯಾಗಿರಲಿಲ್ಲ, ಆ ವಸ್ತು ತನ್ನ ಕೆಲಸಕ್ಕೆ ಸಜ್ಜಾಗಲು ಬೇಕಾದದ್ದೇ ಅವಾಗಿದ್ದವು, ಬರೀ ಅಂದದ ಅರ್ಥ ಆಮೇಲೆ ಅಂಟಿಕೊಂಡಿತು. ದೇವಸ್ಥಾನದಲ್ಲಿ ಈ ಮೂಲ ಅರ್ಥ ಇನ್ನೂ ಉಸಿರಾಡುತ್ತಿದೆ. ಅಭಿಷೇಕವಾದ ಮೂರ್ತಿಗೆ ಅರ್ಚಕರು ತೆರೆಯ ಹಿಂದೆ ಗಂಧ, ಹೂವು, ಬೆಣ್ಣೆಯ ಅಲಂಕಾರ ಮಾಡುತ್ತಾರೆ. ಅದು ಮುಗಿದ ಮೇಲೆಯೇ ತೆರೆ ಸರಿಯುವುದು. ಮೂರ್ತಿಯಲ್ಲಿ ಏನೋ ಕೊರತೆಯಿದೆ, ಅದನ್ನು ಮುಚ್ಚಬೇಕು ಎಂಬ ಭಾವ ಅಲ್ಲಿ ಯಾರಿಗೂ ಇರುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟ ಬಟ್ಟೆಯನ್ನೂ ಬಿಟ್ಟು ನಿಂತವನು. ಅವನಿಗೂ ಹನ್ನೆರಡು ವರ್ಷಕ್ಕೊಮ್ಮೆ ಅರಿಸಿನ, ಚಂದನಗಳ ಮಹಾಮಸ್ತಕಾಭಿಷೇಕ. 2018ರಲ್ಲಿ ಅದು ನಡೆದಾಗ ಹಳದಿ, ಕೇಸರಿಯಾಗಿ ಹರಿದದ್ದೆಲ್ಲ ತೊಳೆದುಹೋಯಿತು, ಕಲ್ಲು ಕಲ್ಲಾಗಿಯೇ ಉಳಿಯಿತು. ತ್ಯಾಗಕ್ಕೂ ಬಣ್ಣಕ್ಕೂ ಹುಟ್ಟಾ ವೈರವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಹುಡುಕಬೇಕಿಲ್ಲ.

ಮನೆಯೊಳಗಿನ ಉದಾಹರಣೆ ಇನ್ನೂ ಸೊಗಸಾದದ್ದು. ಎಣ್ಣೆ ನೀರೆರೆದು, ಕಣ್ಣಿಗೆ ಕಾಡಿಗೆ ತೀಡಿದ ಮಗುವಿನ ಕೆನ್ನೆಯ ಮೇಲೆ ಅಜ್ಜಿ ಒಂದು ದೃಷ್ಟಿಬೊಟ್ಟು ಇಡುತ್ತಾಳೆ. ಅದು ಬೇಕೆಂದೇ ಇಟ್ಟ ಕಳಂಕ. ಮುಖ ಸಾಕಷ್ಟಕ್ಕಿಂತ ಹೆಚ್ಚೇ ಚೆಂದವಾಗಿದೆ, ಸ್ವಲ್ಪ ಕಡಿಮೆ ಮಾಡೋಣ ಎಂಬ ನಂಬಿಕೆ ಅದರ ಹಿಂದಿದೆ. ಕನ್ಸೀಲರ್ ಹುಟ್ಟಿದ್ದು ಇದಕ್ಕೆ ನೇರ ವಿರುದ್ಧವಾದ ನಂಬಿಕೆಯಿಂದ.

ಬ್ರ್ಯಾಂಡಿನ ವ್ಯಾಪಾರ ‘ಸಾಲದು’ ಎಂಬ ಪದದ ಮೇಲೆ ನಿಂತಿದೆ. ಕುರ್ಚಿಯಲ್ಲಿ ಕೂತವರಿಗೆ ಬೇಕಾದ್ದು ಒಂದು ಲಿಪ್‌ಸ್ಟಿಕ್. ತರಬೇತಿಯಲ್ಲಿ ಕಲಿಸಿದ್ದು ಅದರ ಜೊತೆಗೆ ಪ್ರೈಮರ್, ಲೈನರ್, ತೆಗೆಯುವ ಎಣ್ಣೆ ಎಲ್ಲವನ್ನೂ ಜೋಡಿಸಿ ಕೊಡುವುದನ್ನು. ಜೋಡಿಸಲು ಅತಿ ಸುಲಭವಾದ ದಾರಿ ಮೊದಲು ಒಂದು ಕೊರತೆ ತೋರಿಸುವುದು. “ಕಣ್ಣಿನ ಕೆಳಗೆ ಸ್ವಲ್ಪ ಕಪ್ಪಾಗಿದೆಯಲ್ಲ ಮೇಡಂ, ನಿದ್ದೆ ಸರಿಯಾಗಿ ಆಗ್ತಿಲ್ವಾ?” ಎಂಬ ಮಾತಿನಲ್ಲಿ ಕಾಳಜಿಯ ದನಿಯಿದೆ. ಆದರೆ ಮಾಲ್‌ನ ದೀಪ ನೆತ್ತಿಯ ಮೇಲಿಂದ ಬೀಳುವಾಗ ಯಾರ ಕಣ್ಣ ಕೆಳಗಾದರೂ ನೆರಳು ಇರುತ್ತದೆ; ಕಲಾವಿದೆಗೆ ಅದು ಗೊತ್ತು, ಗಿರಾಕಿಗೆ ಗೊತ್ತಿಲ್ಲ. ಮುಖಕ್ಕೆ ಹಚ್ಚಿದ ಬಣ್ಣದಲ್ಲಿ ಸುಳ್ಳಿಲ್ಲದೆ ಇರಬಹುದು. ಸುಳ್ಳು ಬಣ್ಣಕ್ಕಿಂತ ಮುಂಚೆ, ಆ ಮಾತಿನಲ್ಲಿ ಬಂದು ಕೂತಿರುತ್ತದೆ. ಸಾಕ್ರಟೀಸ್ ಪ್ರಸಾಧನವನ್ನೂ ವಾಗ್ಮಿತೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಇಲ್ಲಿ ನಿಜವಾಗುತ್ತದೆ: ಕೌಂಟರಿನಲ್ಲಿ ಎರಡೂ ಒಂದೇ ವ್ಯಕ್ತಿಯಲ್ಲಿವೆ.

ಭಾರತದಲ್ಲಿ ಈ ‘ಸಾಲದು’ ಹೆಚ್ಚಾಗಿ ಮೈಬಣ್ಣದ ಮೇಲೆ ಬಿದ್ದಿತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಲ್ಲಿದ್ದ ‘ಫೇರ್’ ಅನ್ನು ಬಿಟ್ಟು ‘ಗ್ಲೋ’ ಸೇರಿಸಿಕೊಂಡದ್ದು 2020ರಲ್ಲಿ. ನಲವತ್ತೈದು ವರ್ಷ ಒಂದು ಕೊಳವೆಯ ಮೇಲಿನ ಪದ ಎಷ್ಟು ಮನೆಗಳ ಕನ್ನಡಿಯಲ್ಲಿ ಮಾತಾಡಿತು ಎಂಬುದಕ್ಕೆ ಲೆಕ್ಕವಿಲ್ಲ. ಫೌಂಡೇಶನ್ನಿನ ಕಥೆಯೂ ಅದೇ. ಗೋದಿ ಬಣ್ಣದ ಆಚೆಗೆ ಶೇಡುಗಳೇ ಇಲ್ಲದ ಪೆಟ್ಟಿಗೆಗಳನ್ನು ಹಿಡಿದು ಕಲಾವಿದರು ಎರಡು ಮೂರು ಶೇಡು ಬೆರೆಸಿ ದಾರಿ ಕಂಡುಕೊಳ್ಳುತ್ತಿದ್ದರು. 2017ರಲ್ಲಿ ಫೆಂಟಿ ಬ್ಯೂಟಿ ಒಮ್ಮೆಗೇ 40 ಶೇಡುಗಳನ್ನು ತಂದ ಮೇಲೆ ಉಳಿದ ಕಂಪನಿಗಳಿಗೂ ಕಪ್ಪು ಚರ್ಮ ಕಣ್ಣಿಗೆ ಬೀಳತೊಡಗಿತು. ಚರ್ಮಕ್ಕೆ ಶೇಡು ಹೊಂದುತ್ತಿಲ್ಲ ಎಂದಾಗ ತಪ್ಪು ಚರ್ಮದ್ದೋ ಶೇಡಿನದ್ದೋ? ಈ ಸಣ್ಣ ಪ್ರಶ್ನೆಗೆ ಕಲಾವಿದೆ ಕೊಡುವ ಉತ್ತರದಲ್ಲಿ ಅವಳ ತತ್ವಶಾಸ್ತ್ರವೆಲ್ಲ ಹೊರಬೀಳುತ್ತದೆ.

ಜೀವನೋಪಾಯದ ಧರ್ಮದ ಬಗ್ಗೆ ಬೌದ್ಧರ ಸಮ್ಯಕ್ ಆಜೀವದ ಕಲ್ಪನೆ ಒಂದು ಅಳತೆಗೋಲು. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯ ಹೆಸರಿಸುತ್ತದೆ: ಆಯುಧ, ಜೀವಿಗಳು, ಮಾಂಸ, ಮಾದಕ ವಸ್ತು, ವಿಷ. ಪ್ರಸಾಧನ ಪಟ್ಟಿಯಲ್ಲಿಲ್ಲ, ವಿಷ ಇದೆ. ಇವೆರಡರ ನಡುವಿನ ಗೋಡೆ ಇತಿಹಾಸದಲ್ಲಿ ಎಂದೂ ದಪ್ಪವಾಗಿರಲಿಲ್ಲ. ಕ್ಸೆನೊಫನ್ನನ ಕಾಲದ ಬಿಳಿ ಸೀಸ ವಿಷವೇ. ತುಳುನಾಡಿನ ಭೂತಕೋಲದಲ್ಲಿ ಮುಖಕ್ಕೆ ಬಳಿಯುವ ಹಳದಿ ಅರದಾಳ ಮೂಲತಃ ಆರ್ಸೆನಿಕ್ಕಿನ ಖನಿಜ. ಚರ್ಮ ಬಿಳಿಯಾಗಿಸುತ್ತೇವೆನ್ನುವ ಅಗ್ಗದ ಕೆಲವು ಕ್ರೀಮುಗಳಲ್ಲಿ ಇಂದಿಗೂ ಪಾದರಸ ಸಿಕ್ಕಿಬೀಳುತ್ತದೆ. ಅದು ಚರ್ಮದಲ್ಲಿ ಮೆಲನಿನ್ ತಯಾರಾಗುವುದನ್ನು ತಡೆದು, ಒಳಗೆ ಮೂತ್ರಪಿಂಡವನ್ನು ಕೆಡಿಸುತ್ತದೆ. ಆದ್ದರಿಂದ ಬ್ರ್ಯಾಂಡಿನ ಪರ ಕೆಲಸ ಹಿಡಿಯುವವರಿಗೆ ಡಬ್ಬಿಯ ಹಿಂದಿನ ಸಣ್ಣಕ್ಷರ ಓದುವುದು ಧರ್ಮದ ಭಾಗವೇ. ಭಾರತದಲ್ಲಿ ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಕ್ಕೂ ಹಾಗೆ ಪರೀಕ್ಷಿಸಿದ್ದನ್ನು ಆಮದು ಮಾಡುವುದಕ್ಕೂ 2014ರಲ್ಲಿ ನಿಷೇಧ ಬಂದಿದೆ ಎಂಬುದೂ ತಿಳಿದಿರಬೇಕಾದ ಸಂಗತಿ.

ಶರಣರ ಕಾಯಕದ ಕಲ್ಪನೆ ಇನ್ನೊಂದು ಅಳತೆಗೋಲು. ಅದು ಏನು ಮಾರಬಾರದು ಎಂಬುದಕ್ಕಿಂತ ಎಷ್ಟು ತರಬಹುದು ಎಂದು ಕೇಳುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಶರಣ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳು. ‘ಅಲಂ’ನ ಅರ್ಥವನ್ನು ಇಷ್ಟು ನೇರವಾಗಿ ಬದುಕಿ ತೋರಿಸಿದವರು ಕಡಿಮೆ. ಟಾರ್ಗೆಟ್ಟಿನ ಲೋಕದಲ್ಲಿ ಲಕ್ಕಮ್ಮನ ಲೆಕ್ಕ ನಡೆಯುವುದೇ ಎಂದು ಕೇಳಬಹುದು. ಪೂರ್ತಿ ನಡೆಯದು. ದಿನಗೂಲಿಯ ಕಲಾವಿದೆಗೆ ಬಾಡಿಗೆ ಕಟ್ಟಬೇಕಿದೆ. ಬ್ರ್ಯಾಂಡಿಗೂ ಅವಳ ಮೇಲೆ ನ್ಯಾಯವಾದ ಹಕ್ಕಿದೆ, ಅವಳು ನಿಂತದ್ದು ಅದರ ಕೌಂಟರಿನಲ್ಲಿ. ಆದರೆ ಕೇಳಿದ್ದನ್ನು ಚೆನ್ನಾಗಿ ಮಾರುವುದಕ್ಕೂ ಕೇಳದ ಕೊರತೆಯನ್ನು ಹುಟ್ಟಿಸಿ ಮಾರುವುದಕ್ಕೂ ನಡುವೆ ಇರುವ ಗೆರೆ ಯಾವ ಟಾರ್ಗೆಟ್ಟಿನಿಂದಲೂ ಅಳಿಸುವಂಥದ್ದಲ್ಲ. ಮೊದಲನೆಯದು ಸಂಬಳದ ಋಣ ತೀರಿಸುತ್ತದೆ. ಎರಡನೆಯದನ್ನು ಸಂಬಳ ಕೊಂಡುಕೊಳ್ಳಲಾರದು.

ಈ ಕಾಯಕ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಬಿಟ್ಟರೆ ಚರ್ಚೆ ಅರ್ಧವಾಗುತ್ತದೆ. ಮುಂಬಯಿಯ ಚಿತ್ರರಂಗದಲ್ಲಿ ಮೇಕಪ್ ಮಾಡುವ ಹಕ್ಕು ದಶಕಗಳ ಕಾಲ ಗಂಡಸರದು ಮಾತ್ರ. ವೃತ್ತಿ ಸಂಘದ ನಿಯಮದಂತೆ ಹೆಂಗಸರಿಗೆ ಕೇಶಾಲಂಕಾರದ ಸದಸ್ಯತ್ವದ ಕಾರ್ಡು ಸಿಗುತ್ತಿತ್ತು, ಮೇಕಪ್ಪಿನದು ಸಿಗುತ್ತಿರಲಿಲ್ಲ. ಹೆಂಗಸರ ಮುಖದ ಬಣ್ಣದ ಬಗ್ಗೆ ಗಂಡಸರೇ ತೀರ್ಪು ಕೊಟ್ಟಂತೆ, ಅದನ್ನು ಹಚ್ಚುವ ಕೂಲಿಯನ್ನೂ ಗಂಡಸರೇ ಇಟ್ಟುಕೊಂಡರು. ಮೇಕಪ್ ಕಲಾವಿದೆ ಚಾರು ಖುರಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ನವೆಂಬರ್ 10ರಂದು ಈ ನಿಯಮವನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಕೌಂಟರಿನಿಂದ ಆರಂಭಿಸಿ ಸಿನಿಮಾ ಸೆಟ್ಟಿಗೆ ಹೋಗಬಯಸುವ ಹುಡುಗಿಗೆ ದಾರಿ ತೆರೆದು ಇನ್ನೂ ಹೆಚ್ಚು ಕಾಲವಾಗಿಲ್ಲ.

ಉಳಿದದ್ದು ಸ್ಪರ್ಶದ ವಿಷಯ. ಅಪರಿಚಿತರ ಮುಖವನ್ನು ಮುಟ್ಟಲು ಸಮಾಜ ಒಪ್ಪಿಗೆ ಕೊಟ್ಟ ವೃತ್ತಿಗಳು ಕೆಲವೇ: ವೈದ್ಯರು, ಕ್ಷೌರಿಕರು, ಮೇಕಪ್ ಮಾಡುವವರು. ಲೆವಿನಾಸ್ ಎಂಬ ಫ್ರೆಂಚ್ ತತ್ವಜ್ಞಾನಿಯ ಪ್ರಕಾರ ನೀತಿ ಆರಂಭವಾಗುವುದೇ ಇನ್ನೊಬ್ಬರ ಮುಖದ ಎದುರು. ರಕ್ಷಣೆಯಿಲ್ಲದ ಆ ಮುಖ ತನಗೆ ಹಿಂಸೆ ಮಾಡಬೇಡ ಎಂದು ಕೇಳುತ್ತಿರುತ್ತದೆ. ಕಣ್ಣು ಮುಚ್ಚಿ, ಗಲ್ಲ ಎತ್ತಿ ಕೂತವರ ಎದುರು ಈ ಮಾತು ಅಮೂರ್ತವಾಗಿ ಉಳಿಯುವುದಿಲ್ಲ. ಅದು ತೀರಾ ಸಣ್ಣ ಕೆಲಸಗಳಾಗಿ ಇಳಿದುಬರುತ್ತದೆ: ಮುಟ್ಟುವ ಮುಂಚೆ ಕೇಳುವುದು, ಒಬ್ಬರ ರೆಪ್ಪೆಗೆ ತಾಗಿದ ಮಸ್ಕಾರಾ ಕಡ್ಡಿಯನ್ನು ಎಸೆದು ಇನ್ನೊಬ್ಬರಿಗೆ ಹೊಸದು ತೆಗೆಯುವುದು, ಲಿಪ್‌ಸ್ಟಿಕ್ಕನ್ನು ನೇರವಾಗಿ ತುಟಿಗೆ ತಾಗಿಸದೆ ಚಮಚದಂಥ ಕಡ್ಡಿಯಿಂದ ಕೆರೆದು ಪ್ಯಾಲೆಟ್ಟಿನ ಮೇಲೆ ತೆಗೆದುಕೊಳ್ಳುವುದು, ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು. ಜನ ಸಾಲುಗಟ್ಟಿದ ಸಂಜೆ ಇವುಗಳಲ್ಲಿ ಒಂದನ್ನು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಹಿಂಸೆಯ ಪರೀಕ್ಷೆ ಅಲ್ಲೇ ಇರುವುದು.

ಫೌಂಡೇಶನ್ನಿನ ಶೇಡು ನೋಡುವ ಸರಿಯಾದ ಜಾಗ ಮುಂಗೈಯಲ್ಲ, ದವಡೆಯ ಅಂಚು. ಸರಿಯಾದ ಬೆಳಕು ಅಂಗಡಿಯ ದೀಪವಲ್ಲ, ಹಗಲು. ಇದು ತರಬೇತಿಯಲ್ಲಿ ಸಾಮಾನ್ಯವಾಗಿ ಮೊದಮೊದಲೇ ಹೇಳುವ ಪಾಠ. ಕೌಂಟರಿನ ಮುಂದೆ ಕೂತವರು ಹಣ ಕೊಡುವ ಮುನ್ನ ಬಾಗಿಲವರೆಗೆ ನಡೆದು, ಹೊರಗಿನ ಬೆಳಕಿನಲ್ಲಿ ಕನ್ನಡಿ ನೋಡಿ ಬರುತ್ತೇನೆ ಎಂದು ಕೇಳಬಹುದು. ಒಳ್ಳೆಯ ಕಲಾವಿದೆಯಾದರೆ ಕನ್ನಡಿ ಹಿಡಿದು ತಾನೇ ಜೊತೆಗೆ ಬರುತ್ತಾಳೆ.